ಸಾಕು ಎಂಬ ಮಾತು

ಪುಷ್ಯದ ಚಳಿ. ಚಿಂಚೋಳಿ ಪಕ್ಕದ ಚಂದಾಪುರದ ಹೊರಗೆ ನಮ್ಮ ಹೊಲದಲ್ಲಿ ತೊಗರಿ ಕೊಯ್ಲು ನಡೆದಿತ್ತು. ಇಬ್ಬನಿ ಆರುವ ಮೊದಲೇ ಕೊಯ್ದರೆ ಕಾಯಿ ಸಿಡಿಯುವುದಿಲ್ಲ, ಅದಕ್ಕೇ ನಸುಕಿನಲ್ಲೇ ಎದ್ದು ಹೋಗುವುದು ನಮ್ಮ ಮನೆಯ ರೂಢಿ. ತೊಯ್ದ ಗಿಡ ಕೈಯಲ್ಲಿ ಜಾರಿತು, ತಂಗಿಯ ಎಡಗೈ ತೋರುಬೆರಳಿಗೆ ಕುಡಗೋಲು ತಾಗಿತು. ನಾನು ಗಾಬರಿಯಾದೆ, ಅವಳು ಆಗಲಿಲ್ಲ. ‘ಏನಾಗಂಗಿಲ್ಲ ಬಿಡಣ್ಣ’ ಎಂದು ಸೆರಗಿನ ಅಂಚಿನಿಂದ ಬೆರಳು ಒತ್ತಿ ಹಿಡಿದಳು. ಮನೆಗೆ ಬಂದು ಅರಿಶಿಣ ಹಚ್ಚಿ ಹಳೆಯ ಧೋತರದ ಚೂರು ಕಟ್ಟಿಕೊಂಡಳು, ಮರುದಿನ ಮತ್ತೆ ಹೊಲಕ್ಕೆ ಬಂದಳು.

ವಾರ ಕಳೆಯುವಷ್ಟರಲ್ಲಿ ಗಾಯ ಕೂಡಿಕೊಂಡಿತು. ರಾಶಿ ಮುಗಿದು ಕಣ ಗುಡಿಸುವ ಹೊತ್ತಿಗೆ ಬೆರಳ ಮೇಲೆ ಒಂದು ತೆಳ್ಳನೆಯ ಬಿಳಿ ಗೆರೆಯಷ್ಟೇ ಉಳಿದಿತ್ತು. ಅವಳು ಅದನ್ನು ಬಿಸಿಲಿಗೆ ಹಿಡಿದು ನೋಡಿ ಕೇಳಿದಳು: ‘ಅಣ್ಣಾ, ನೀ ಸೈನ್ಸ್ ಮಾಸ್ತರ ಇದ್ದಿ. ಗಾಯ ತುಂಬ್ಕೋತ ಬರ್ತದ, ಬಂದು ಇಲ್ಲೇ ನಿಂದರ್ತದ. ಮುಂದಕ್ಕ ಬೆಳೆಯಂಗಿಲ್ಲ. ಅದಕ್ಕ ಸಾಕು ಅಂತ ಹೇಳವ್ರು ಯಾರು?’

ಆಚೆ ಕಡೆಯ ಕೋಶಗಳಿಗೆ ಈಚೆ ಕಡೆಯವು ತಾಗಿದ ಕೂಡಲೇ ಬೆಳವಣಿಗೆ ನಿಲ್ಲುತ್ತದೆ ಎಂದೆ. ಮೂವತ್ತು ವರ್ಷ ಪಾಠ ಹೇಳಿದವನ ಉತ್ತರ ಅದು, ತಪ್ಪೇನೂ ಇಲ್ಲ. ಅವಳು ಬಿಡಲಿಲ್ಲ. ‘ತಾಗಿದ್ದು ಅವಕ್ಕ ಹ್ಯಾಂಗ ಗೊತ್ತಾಗ್ತದ?’

ಆ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಅಂಗೈ ಅಂಗಾಲು ಬಿಟ್ಟರೆ ನಮ್ಮ ಹೊರಚರ್ಮದ ದಪ್ಪ ಸುಮಾರು ಮಿಲಿಮೀಟರಿನ ಹತ್ತನೆಯ ಒಂದು ಭಾಗ, ಒಂದು ಹಾಳೆಯಷ್ಟು. ಆ ಹಾಳೆಯೊಳಗೂ ಹಲವು ಅಂತಸ್ತುಗಳಿವೆ. ಕೆಳಗಿನ ಸಾಲಿನ ಕೋಶಗಳು ಮಾತ್ರ ಒಡೆದು ಎರಡಾಗುತ್ತವೆ. ಹುಟ್ಟಿದ ಕೋಶ ಮೇಲಕ್ಕೆ ಹತ್ತುತ್ತ ಹೋಗುತ್ತದೆ, ಹತ್ತಿದಷ್ಟೂ ಗಟ್ಟಿಯಾಗುತ್ತದೆ, ಚಪ್ಪಟೆಯಾಗುತ್ತದೆ, ತನ್ನ ಕೋಶಕೇಂದ್ರವನ್ನೇ ಕಳೆದುಕೊಂಡು ಸಾಯುತ್ತದೆ. ಹೆಚ್ಚುಕಡಿಮೆ ಒಂದು ತಿಂಗಳ ಪಯಣ. ಎಣ್ಣೆ ಹಚ್ಚಿ ಮೈ ತಿಕ್ಕಿ ಎರೆದುಕೊಂಡ ದಿನ ಬಚ್ಚಲ ಮೋರಿಗೆ ಹೋಗುವ ಕೊಳೆಯಲ್ಲಿ ಹಿಂದಿನ ತಿಂಗಳು ಹುಟ್ಟಿದ ನಾವೇ ಇರುತ್ತೇವೆ. ಈ ಕೋಶಗಳಿಗೆ ಕೆರಾಟಿನೋಸೈಟ್ ಎಂದು ಹೆಸರು. ಕೆರಾಟಿನ್ ಎಂಬ ಗಟ್ಟಿ ನಾರಿನ ಪ್ರೋಟೀನನ್ನು ತಯಾರಿಸುವುದು ಅವುಗಳ ಕಸುಬು. ಉಗುರು, ಕೂದಲು, ಎತ್ತಿನ ಕೊಂಬಿನ ಹೊರಕವಚ ಎಲ್ಲವೂ ಕೆರಾಟಿನ್ನೇ.

ಕೆಳಗಿನ ಸಾಲಿನಲ್ಲಿ ಒಡೆಯುತ್ತಿದ್ದ ಕೋಶಕ್ಕೆ ‘ಇನ್ನು ಒಡೆಯುವುದು ಸಾಕು, ಗಟ್ಟಿಯಾಗು’ ಎಂದು ಹೇಳುವ ಸಂಕೇತಗಳಲ್ಲಿ ದೊಡ್ಡದು ಯಾವುದೆಂದು ತಿಳಿದ ದಿನ ನಾನು ಮನೆಯ ಪಡಸಾಲೆಯ ನೆಲವನ್ನೇ ಬಹಳ ಹೊತ್ತು ನೋಡುತ್ತ ಕುಳಿತಿದ್ದೆ. ಅದು ಕ್ಯಾಲ್ಸಿಯಂ. ಸುಣ್ಣದ ಸತ್ವ. ನಮ್ಮ ಪಡಸಾಲೆಗೆ ಹಾಸಿದ್ದು ಶಹಾಬಾದಿನ ಪರಸಿ ಕಲ್ಲು, ಅಂದರೆ ಸುಣ್ಣಕಲ್ಲು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನ ಸೀಮೆಯೆಲ್ಲ ಇದೇ ಕಲ್ಲಿನ ಮೇಲೆ ನಿಂತಿದೆ. ವಾಡಿಯ ಸಿಮೆಂಟೂ ಇದರದೇ, ಊರ ಗೋಡೆಯೂ ಇದರದೇ, ಎಲೆ ಅಡಿಕೆಗೆ ಹಚ್ಚುವ ಸುಣ್ಣವೂ ಇಂಥ ಕಲ್ಲಿನದೇ. 50 ಕೋಟಿ ವರ್ಷಗಳಿಗೂ ಹಿಂದೆ, ಚರ್ಮ ಎಂಬುದು ಯಾವ ಜೀವಿಗೂ ಇಲ್ಲದ ಕಾಲದಲ್ಲಿ, ಒಂದು ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕೆಸರು ಅದು. ಚರ್ಮದ ಕೆಳಗಿನ ಸಾಲಿನಲ್ಲಿ ಕ್ಯಾಲ್ಸಿಯಂ ಕಡಿಮೆ, ಮೇಲೇರಿದಂತೆ ಹೆಚ್ಚು. 1980ರಲ್ಲಿ ಅಮೆರಿಕದ ಹೆನಿಂಗ್ಸ್, ಯೂಸ್ಪಾ ಮತ್ತು ಅವರ ಜೊತೆಗಾರರು ಇಲಿಯ ಚರ್ಮದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಇದನ್ನು ತೋರಿಸಿದರು. ದ್ರವದಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಕೋಶಗಳು ಒಡೆಯುತ್ತಲೇ ಇರುತ್ತವೆ. ಸ್ವಲ್ಪ ಹೆಚ್ಚಿಸಿದರೆ ಒಂದರ ಪಕ್ಕ ಒಂದು ಅಂಟಿಕೊಂಡು, ಒಡೆಯುವುದನ್ನು ನಿಲ್ಲಿಸಿ, ಗಟ್ಟಿಯಾಗತೊಡಗುತ್ತವೆ. ಮೈಯಲ್ಲಿ ಮೇಲೇರುವುದೆಂದರೆ ಕೋಶದ ಮಟ್ಟಿಗೆ ಸುಣ್ಣದ ಊರಿಗೆ ಬರುವುದು.

ನಮ್ಮ ಮುತ್ಯಾ ಪರಸಿ ಖಣಿಯಲ್ಲಿ ದುಡಿದವನು. ಅವನ ಅಂಗೈಯಲ್ಲಿ ಪ್ರತಿ ಬೆರಳಿನ ಬುಡಕ್ಕೂ ಒಂದೊಂದು ಜಡ್ಡು, ಹುಣಸೆ ಬೀಜದಷ್ಟು ದಪ್ಪ. ಸಣ್ಣವರಿದ್ದಾಗ ಬೆನ್ನು ತುರಿಸಿದರೆ ಅವನ ಕೈಯನ್ನೇ ಕೇಳುತ್ತಿದ್ದೆವು. ಹಾರೆ ಒತ್ತಿ ಒತ್ತಿ ಚರ್ಮ ದಪ್ಪವಾಗಿತ್ತು ಎಂದಷ್ಟೇ ಆಗ ಗೊತ್ತಿದ್ದದ್ದು. ಈಗ ಯೋಚಿಸಿದರೆ ಆ ಜಡ್ಡೂ ಒಂದು ಉತ್ತರ. ಕಲ್ಲು ಒತ್ತಿತು, ಕೆಳಗಿನ ಸಾಲಿಗೆ ಸುದ್ದಿ ಹೋಯಿತು, ಅಲ್ಲಿಂದ ಇನ್ನಷ್ಟು ಕೋಶಗಳು ಮೇಲೆದ್ದು ಬಂದವು.

ಈ ಸುದ್ದಿ ಹೋಗುವುದು ಹೇಗೆ? ಅದನ್ನು ಹುಡುಕಿ ಹೋದವರ ಕಥೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ಸ್ಟ್ಯಾನ್ಲಿ ಕೋಹೆನ್ ಅವರದು. ಅವರು ಹುಡುಕುತ್ತಿದ್ದದ್ದು ನರಗಳನ್ನು ಬೆಳೆಸುವ ವಸ್ತುವನ್ನು. ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಹಸುಗೂಸು ಇಲಿಗಳಿಗೆ ಚುಚ್ಚಿ ನೋಡಿದಾಗ ಯಾರೂ ಬಯಸದ ಒಂದು ಘಟನೆ ನಡೆಯಿತು. ಹುಟ್ಟಿ ಎರಡು ವಾರವಾದ ಮೇಲೆ ಕಣ್ಣು ತೆರೆಯಬೇಕಾದ ಮರಿಗಳು ಒಂದೇ ವಾರಕ್ಕೆ ತೆರೆದವು. ಬೇರೆಯವರಾದರೆ ‘ಏನೋ ಕಲಬೆರಕೆ’ ಎಂದು ಬಿಟ್ಟುಬಿಡುತ್ತಿದ್ದರು. ಕೋಹೆನ್ ಅದರ ಬೆನ್ನು ಹತ್ತಿದರು. ರೆಪ್ಪೆಯ ಚರ್ಮಕ್ಕೆ ‘ಬೆಳೆ, ಗಟ್ಟಿಯಾಗು’ ಎಂದು ಹೇಳುವ ಒಂದು ಚಿಕ್ಕ ಪ್ರೋಟೀನು ಆ ಸಾರದಲ್ಲಿತ್ತು. ಅದನ್ನು ಇಂದು ಇಜಿಎಫ್ ಎನ್ನುತ್ತಾರೆ. 1986ರಲ್ಲಿ ಕೋಹೆನ್ ಮತ್ತು ನರಗಳ ಆ ಹುಡುಕಾಟದಲ್ಲಿ ಅವರ ಜೊತೆಗಿದ್ದ ರೀಟಾ ಲೆವಿ-ಮೊಂಟಾಲ್ಚಿನಿ ಇಬ್ಬರಿಗೂ ನೊಬೆಲ್ ಬಂತು. ಕುರುಡು ಮರಿಗಳು ಅವಧಿಗೆ ಮುಂಚೆ ಕಣ್ಣು ಬಿಟ್ಟದ್ದರಿಂದ ಕೋಶಗಳ ಮಾತು ನಮಗೆ ಕೇಳಿಸತೊಡಗಿತು. ಕಥೆಗಾರರು ಹೀಗೆ ಬರೆದಿದ್ದರೆ ನಾಟಕೀಯವಾಯಿತು ಎನ್ನುತ್ತಿದ್ದೆವು.

ಇಜಿಎಫ್ ಕೋಶದ ಒಳಕ್ಕೆ ಹೋಗಿ ಹೇಳಬೇಕಿಲ್ಲ. ಹೊರಗೆ ಬಾಗಿಲಲ್ಲಿ ನಿಂತ ಗ್ರಾಹಕವನ್ನು ಮುಟ್ಟಿದರೆ ಸಾಕು. ಬಾಗಿಲ ಒಳಮೈಯಲ್ಲಿ ಒಂದು ಫಾಸ್ಫೇಟಿನ ಬೊಟ್ಟು ಬೀಳುತ್ತದೆ. ಅದನ್ನು ನೋಡಿದ ಪ್ರೋಟೀನು ಮುಂದಿನದಕ್ಕೆ ತಿಳಿಸುತ್ತದೆ, ಅದು ಅದರ ಮುಂದಿನದಕ್ಕೆ ಬೊಟ್ಟು ಇಡುತ್ತದೆ, ಹಾಗೇ ಕೋಶಕೇಂದ್ರದವರೆಗೆ. ಬೊಟ್ಟು ಇಡುವ ಕಿಣ್ವಗಳು ಮನುಷ್ಯನಲ್ಲಿ 500ಕ್ಕೂ ಹೆಚ್ಚು. ಬೊಟ್ಟು ಇಡುವುದು, ಅಳಿಸುವುದು ಎಂಬ ಈ ಪದ್ಧತಿಯನ್ನು 1950ರ ದಶಕದಲ್ಲಿ ಕಂಡವರು ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್. ನೊಬೆಲ್ ಸಿಕ್ಕದ್ದು 1992ರಲ್ಲಿ. ಪಾಠ ಹೇಳುವಾಗ ಇಡುವವರ ಬಗ್ಗೆಯೇ ಹೇಳುತ್ತಿದ್ದೆ. ಅಳಿಸುವವರ ಬಗ್ಗೆ ಪುಸ್ತಕದಲ್ಲಿ ಒಂದೆರಡು ಸಾಲು ಇರುತ್ತಿತ್ತು, ನಾನೂ ಅಷ್ಟಕ್ಕೇ ಬಿಡುತ್ತಿದ್ದೆ. ತಂಗಿಯ ಪ್ರಶ್ನೆಗೆ ಉತ್ತರ ಆ ಒಂದೆರಡು ಸಾಲಿನಲ್ಲಿತ್ತು. ಬೊಟ್ಟು ಬಿದ್ದ ಕೆಲವೇ ಹೊತ್ತಿಗೆ ಯಾರೋ ಬಂದು ಒರೆಸಿ ಹೋಗುತ್ತಾರೆ. ಹಾಗೆ ಒರೆಸುವುದರಿಂದಲೇ ಮುಂದಿನ ಮಾತಿಗೆ ಜಾಗ. ಸುದ್ದಿ ಮುಟ್ಟಿಸುವುದಕ್ಕೆ ಕೋಶ ಎಷ್ಟು ಖರ್ಚು ಮಾಡುತ್ತದೋ, ಮುಟ್ಟಿದ ಸುದ್ದಿಯನ್ನು ಮುಗಿಸುವುದಕ್ಕೂ ಅಷ್ಟೇ ಎಚ್ಚರ ವಹಿಸುತ್ತದೆ.

ಇದು ಕೆಡುವುದು ಹೇಗೆ ಎಂಬುದನ್ನು ತೋರಿಸಿಕೊಟ್ಟದ್ದು ನಮ್ಮ ಹಿತ್ತಿಲ ವೈದ್ಯದ ಒಂದು ಬೀಜ. ಜಾಪಾಳ. ಜಾಪಾಳದ ಗುಳಿಗೆ ಎಂದರೆ ಇಂದಿಗೂ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ; ಭೇದಿಗೆ ಅಷ್ಟು ಪ್ರಸಿದ್ಧ. ಅದರ ಎಣ್ಣೆ ಮೈಗೆ ತಾಗಿದರೆ ಬೊಕ್ಕೆ ಏಳುತ್ತವೆ. 1941ರಲ್ಲಿ ಆಕ್ಸ್‌ಫರ್ಡಿನ ಐಸಾಕ್ ಬೆರೆನ್‌ಬ್ಲಮ್ ಇದೇ ಎಣ್ಣೆಯನ್ನು ಇಲಿಗಳ ಬೆನ್ನಿಗೆ ಹಚ್ಚಿದ ಪ್ರಯೋಗದ ವಿವರ ಪ್ರಕಟಿಸಿದರು. ಜಾಪಾಳದ ಎಣ್ಣೆಯೊಂದನ್ನೇ ಹಚ್ಚಿದರೆ ಚರ್ಮ ಕೆಂಪಗಾಗಿ ಉರಿಯುತ್ತದೆ, ಗಂತಿ ಏಳುವುದು ಅಪರೂಪ. ಡಾಂಬರಿನಲ್ಲಿ ಸಿಗುವ ಒಂದು ರಾಸಾಯನಿಕವನ್ನು ತೀರ ಸ್ವಲ್ಪ ಹಚ್ಚಿ ಸುಮ್ಮನಿದ್ದರೂ ಅಷ್ಟೇ. ಆದರೆ ಮೊದಲು ಅದನ್ನು ಹಚ್ಚಿ, ಆಮೇಲೆ ಜಾಪಾಳದ ಎಣ್ಣೆಯನ್ನು ಮತ್ತೆ ಮತ್ತೆ ಹಚ್ಚುತ್ತ ಹೋದರೆ ಗಂತಿಗಳು ಏಳುತ್ತವೆ. ಮುಂದಿನ ಪ್ರಯೋಗಗಳಲ್ಲಿ ಕಂಡದ್ದು ಇನ್ನೂ ವಿಚಿತ್ರ: ಎರಡರ ನಡುವೆ ತಿಂಗಳುಗಟ್ಟಲೆ ಅಂತರ ಬಿಟ್ಟರೂ ಗಂತಿ ಬರುತ್ತದೆ, ಅನುಕ್ರಮ ತಿರುಗಿಸಿದರೆ ಬರುವುದಿಲ್ಲ. ಮೊದಲನೆಯದು ಡಿಎನ್‌ಎಯಲ್ಲಿ ಒಂದು ಅಕ್ಷರ ತಿದ್ದಿ ಹೋಗಿರುತ್ತದೆ. ಎರಡನೆಯದು ಒಂದಕ್ಷರವನ್ನೂ ತಿದ್ದುವುದಿಲ್ಲ, ಬರೀ ಎಬ್ಬಿಸುತ್ತದೆ. ಇಲಿಯ ಚರ್ಮ ಬೇರೆ, ಮನುಷ್ಯನ ಚರ್ಮ ಬೇರೆ. ಆದರೂ ಈ ಪ್ರಯೋಗದಿಂದ ಒಂದು ತಿಳಿವಳಿಕೆ ಬಂತು: ಕ್ಯಾನ್ಸರಿಗೆ ಬರಹ ಕೆಟ್ಟರಷ್ಟೇ ಸಾಲದು, ಅದನ್ನು ಓದಿಸುವ ಕರೆಯೂ ಬೇಕು.

ಜಾಪಾಳದ ಎಣ್ಣೆಯೊಳಗಿನ ಆ ವಸ್ತುವಿಗೆ ಫೋರ್ಬಾಲ್ ಎಸ್ಟರ್ ಎಂದು ಹೆಸರು. ಅದು ಕೋಶದಲ್ಲಿ ಯಾರನ್ನು ಮುಟ್ಟುತ್ತದೆ ಎಂದು 1982ರಲ್ಲಿ ಜಪಾನಿನ ಕೋಬೆಯ ಯಸುತೋಮಿ ನಿಶಿಝುಕಾ ಅವರ ತಂಡ ಕಂಡುಹಿಡಿಯಿತು. ಬೊಟ್ಟು ಇಡುವ ಕಿಣ್ವಗಳಲ್ಲೊಂದು, ಪ್ರೋಟೀನ್ ಕೈನೇಸ್-ಸಿ. ಅದನ್ನು ಎಬ್ಬಿಸಲು ಕೋಶವೇ ಒಂದು ಸಣ್ಣ ಕೊಬ್ಬಿನಂಥ ವಸ್ತುವನ್ನು ಹುಟ್ಟಿಸುತ್ತದೆ. ಅದು ಹುಟ್ಟಿದ ಕೆಲವು ಕ್ಷಣಗಳಲ್ಲೇ ಕರಗಿಹೋಗುತ್ತದೆ. ಫೋರ್ಬಾಲ್ ಎಸ್ಟರಿನ ಆಕಾರದ ಒಂದು ಭಾಗ ಅದನ್ನೇ ಹೋಲುತ್ತದೆ. ಅದೇ ಕುರ್ಚಿಯಲ್ಲಿ ಬಂದು ಕೂರುತ್ತದೆ. ಆದರೆ ಕರಗುವುದಿಲ್ಲ. ಗಂಟೆಗಟ್ಟಲೆ ಕೂತಿರುತ್ತದೆ.

ನನಗೆ ಇಲ್ಲಿ ಮೈ ಜುಮ್ಮೆನ್ನುತ್ತದೆ. ವಿಷ ಎಂದರೆ ಹೊರಗಿನ ಒಂದು ಪರಭಾಷೆ, ಒಳಗೆ ನುಗ್ಗಿ ಗಲಾಟೆ ಮಾಡುತ್ತದೆ ಎಂದು ತಿಳಿದಿದ್ದೆ. ಜಾಪಾಳ ಕೋಶಕ್ಕೆ ಗೊತ್ತಿಲ್ಲದ ಒಂದು ಮಾತನ್ನೂ ಆಡುವುದಿಲ್ಲ. ಕೋಶದ್ದೇ ಮಾತು, ಕೋಶದ್ದೇ ಉಚ್ಚಾರ. ಕೋಶವೂ ತಿರುಗಿ ಬೀಳುವುದಿಲ್ಲ, ವಿಧೇಯವಾಗಿ ಕೇಳುತ್ತದೆ. ಗಾಯವಾದಾಗ ‘ಬೆಳೆ’ ಎಂದು ಕೂಗಿದ ದನಿಯೇ ಇದೂ. ಅದು ನಿಲ್ಲುವುದನ್ನು ಮಾತ್ರ ಮರೆತಿದೆ. 1986ರಲ್ಲೇ ಅಮೆರಿಕದ ರೋಗಶಾಸ್ತ್ರಜ್ಞ ಹೆರಾಲ್ಡ್ ಡ್ವೊರಾಕ್ ಗಂತಿಯನ್ನು ಮಾಯದ ಗಾಯ ಎಂದು ಕರೆದಿದ್ದರು. ತಂಗಿಯ ಬೆರಳಿನ ಗೆರೆ ನೋಡಿದ ಮೇಲೆ ಅದರ ಅರ್ಥ ನನಗಾಯಿತು.

ಮಸಿಯದು ಇನ್ನೊಂದು ಬಗೆ. 1775ರಲ್ಲಿ ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್, ಹೊಗೆಗೂಡು ಒಳಹೊಕ್ಕು ಗುಡಿಸುತ್ತಿದ್ದವರ ಚರ್ಮದ ಕ್ಯಾನ್ಸರಿಗೂ ಮೈಗೆ ಮೆತ್ತಿದ ಮಸಿಗೂ ನಂಟು ಕಂಡರು. 1915ರಲ್ಲಿ ಟೋಕಿಯೋದ ಯಾಮಾಗಿವಾ ಮತ್ತು ಇಚಿಕಾವಾ ಮೊಲಗಳ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲಿನ ಡಾಂಬರು ಬಳಿದು ಕ್ಯಾನ್ಸರ್ ಬರಿಸಿ ತೋರಿಸಿದರು. ಅದರೊಳಗಿನ ಬೆಂಜೋಪೈರೀನ್ 1933ರಲ್ಲಿ ಬೇರೆಯಾಗಿ ಕೈಗೆ ಸಿಕ್ಕಿತು. ಬೆಂಜೋಪೈರೀನ್ ಹಾಗೇ ಇದ್ದರೆ ಡಿಎನ್‌ಎಗೆ ಅಂಟುವುದಿಲ್ಲ. ಕೋಶದೊಳಗೆ ಇಂಥ ಹೊಗೆಕಸವನ್ನು ಗುರುತಿಸುವ ಒಂದು ಗ್ರಾಹಕವಿದೆ. ಅದು ಕಸವನ್ನು ಕಂಡ ಕೂಡಲೇ ಕೋಶಕೇಂದ್ರಕ್ಕೆ ಓಡಿ, ತೊಳೆಯುವ ಕಿಣ್ವಗಳನ್ನು ಕರೆಸುತ್ತದೆ. ತೊಳೆಯುವ ಭರದಲ್ಲಿ ಆ ಕಿಣ್ವಗಳು ಬೆಂಜೋಪೈರೀನಿಗೆ ಆಮ್ಲಜನಕ ಸೇರಿಸಿ ನೀರಿಗೆ ಕರಗುವಂತೆ ಮಾಡಹೊರಟು, ಡಿಎನ್‌ಎಗೆ ಅಂಟುವ ರೂಪವನ್ನು ತಾವೇ ತಯಾರಿಸಿಬಿಡುತ್ತವೆ. ಮನೆ ಸ್ವಚ್ಛ ಮಾಡಲು ಹೋಗಿ ಮನೆಗೆ ಬೆಂಕಿ. ಒಲೆಯ ಮುಂದೆ ಊದುಗೊಳವೆ ಹಿಡಿದು ಕೂತ ಆಯಿಯ ಮುಖ ನೆನಪಾಗುತ್ತದೆ. ಅವಳಿಗೆ ಏನೂ ಆಗಲಿಲ್ಲ. ಎಲ್ಲರಿಗೂ ಏನಾದರೂ ಆಗಲೇಬೇಕೆಂದಿಲ್ಲ ಎನ್ನುವುದೂ ಈ ವಿಷಯದ ಒಂದು ಒಗಟು.

ಇಷ್ಟು ಹೊತ್ತು ಇಲಿ, ಮೊಲ, ಲಂಡನ್ ಎಂದೆ. ನನ್ನ ಬೆರಗಿನ ಸೊಕ್ಕು ಇಳಿದದ್ದು ಹತ್ತಿರದ ಒಂದು ಊರಿನ ವಿಷಯ ಓದಿದ ಮೇಲೆ.

ಯಾದಗಿರಿ ಬೇರೆ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. ಅಲ್ಲಿಯತನಕ ಸುರಪುರ ತಾಲ್ಲೂಕು ನಮ್ಮದೇ ಜಿಲ್ಲೆ. ಅಲ್ಲಿ ಮಂಗಳೂರು ಎಂಬ ಊರಿದೆ. ಕಡಲ ಮಂಗಳೂರಲ್ಲ, ಹಳೆಯ ಚಿನ್ನದ ಗಣಿಯ ಮಂಗಳೂರು. ಆ ಸೀಮೆಯಲ್ಲೇ ಕಿರದಳ್ಳಿ ತಾಂಡಾ. ನಮ್ಮ ಚಿಂಚೋಳಿಯ ಸುತ್ತಲೂ ತಾಂಡಾಗಳಿವೆ, ಹಾಗಾಗಿ ಕೊಡ ಹೊತ್ತು ಬೋರಿನ ಹತ್ತಿರ ಸಾಲುಗಟ್ಟುವ ಹೆಣ್ಣುಮಕ್ಕಳನ್ನು ಕಣ್ಣ ಮುಂದೆ ತಂದುಕೊಳ್ಳಲು ನನಗೆ ಕಷ್ಟವಾಗಲಿಲ್ಲ. ಆ ತಾಂಡಾದ ಸೀಮೆಯ ನೀರಿನಲ್ಲಿ ಆರ್ಸೆನಿಕ್ ಇತ್ತು. ಕೋಲ್ಕತ್ತಾದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಅವರ ಜೊತೆಗಾರರ ವರದಿ 2013ರಲ್ಲಿ ಪ್ರಕಟವಾಯಿತು. ಬಂಗಾಳದ ಆರ್ಸೆನಿಕ್ ನೀರಿನ ಬೆನ್ನು ಹತ್ತಿ ಬಾಳು ಸವೆಸಿದವರು ಚಕ್ರವರ್ತಿ. ಇಲ್ಲಿ ಅವರು 59 ಕೊಳವೆಬಾವಿಗಳ ನೀರು ಪರೀಕ್ಷಿಸಿದರು. ಕುಡಿಯುವ ನೀರಿನ ಲೀಟರಿನಲ್ಲಿ ಆರ್ಸೆನಿಕ್ 10 ಮೈಕ್ರೊಗ್ರಾಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾನ. ಶೇ 79ರಷ್ಟು ಬಾವಿಗಳಲ್ಲಿ ಅದಕ್ಕಿಂತ ಹೆಚ್ಚಿತ್ತು, ಒಂದರಲ್ಲಿ 303. ಪರೀಕ್ಷೆಗೆ ಒಳಗಾದ 181 ಜನರಲ್ಲಿ ಶೇ 58.6ರಷ್ಟು ಮಂದಿಯ ಚರ್ಮದಲ್ಲಿ ಆರ್ಸೆನಿಕ್ಕಿನ ಗುರುತುಗಳು. ಅಂದರೆ ನೂರಕ್ಕೂ ಹೆಚ್ಚು ಮೈಗಳು. 171 ಜನರ ಕೂದಲು, ಉಗುರು ಪರೀಕ್ಷಿಸಿದರೆ ಎಲ್ಲರಲ್ಲೂ ಅದು ಮಿತಿ ಮೀರಿತ್ತು, ಒಬ್ಬರನ್ನೂ ಬಿಟ್ಟಿರಲಿಲ್ಲ. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋ ಒಂದಕ್ಕೆ 2000 ಮಿಲಿಗ್ರಾಮಿಗಿಂತ ಹೆಚ್ಚು ಕಂಡಿತು. ಗಣಿಯಿಂದ ತೆಗೆದು ಚೆಲ್ಲಿದ ಮಣ್ಣಿನ ಪ್ರಭಾವ ಇದ್ದೀತು ಎಂದು ವರದಿ ಅಂದಾಜಿಸಿತು. ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವುದು ಸಾಮಾನ್ಯ, ಒಂದೇ ಬಂಡೆಯ ಬಸಿರಲ್ಲಿ ಹುಟ್ಟಿದವು. ಚಿನ್ನ ಯಾರ ಕೊರಳಿಗೆ ಹೋಯಿತೋ, ಅದರ ಒಡಹುಟ್ಟು ಇವರ ಕೊಡಕ್ಕೆ ಬಂತು.

ನಮ್ಮವರಿಗೆ ಆರ್ಸೆನಿಕ್ ಹೊಸದಲ್ಲ. ಹರಿತಾಳ, ಮಣಿಶಿಲೆ, ಗೌರಿಪಾಷಾಣ ಎಲ್ಲವೂ ಅದರ ರೂಪಗಳು, ವೈದ್ಯದ ಗಂಟಿನಲ್ಲೂ ಇದ್ದವು, ಕೊಲೆಗಾರರ ಕಥೆಗಳಲ್ಲೂ ಇದ್ದವು. ಆದರೆ ಪಾಷಾಣ ಎಂದರೆ ಕಣ್ಣಿಗೆ ಕಾಣುವ ಪುಡಿ. ನೀರಿನಲ್ಲಿ ಕರಗಿದ ಮೇಲೆ ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೂ ಹೋಗುವುದಿಲ್ಲ.

ಮೂಲವಸ್ತುಗಳ ಪಟ್ಟಿಯಲ್ಲಿ ಆರ್ಸೆನಿಕ್ ಕೂತಿರುವುದು ರಂಜಕದ ಕೆಳಗಿನ ಮನೆಯಲ್ಲಿ. ಮೂವತ್ತು ವರ್ಷ ಆ ಪಟ್ಟಿಯನ್ನು ಗೋಡೆಗೆ ತೂಗುಹಾಕಿ ಕಡ್ಡಿ ಹಿಡಿದು ತೋರಿಸಿದವನು ನಾನು, ಈ ನೆರೆಹೊರೆಯ ಅರ್ಥ ಹೊಳೆದಿರಲಿಲ್ಲ. ಕೋಶದ ಬೊಟ್ಟುಗಳು ರಂಜಕದವು. ಫಾಸ್ಫೇಟನ್ನು ಒಳಕ್ಕೆ ಬಿಡುವ ಬಾಗಿಲಿಗೆ ಆರ್ಸೆನಿಕ್ಕಿನ ಒಂದು ರೂಪ ಫಾಸ್ಫೇಟಿನಂತೆಯೇ ಕಾಣುತ್ತದೆ, ಬಾಗಿಲು ತೆರೆಯುತ್ತದೆ. ಒಳಗೆ ಬಂದ ಮೇಲೆ ಅದು ವೇಷ ಬದಲಿಸುತ್ತದೆ. ಹೊಸ ರೂಪಕ್ಕೆ ರಂಜಕದ ಮೇಲೆ ಆಸೆಯಿಲ್ಲ, ಗಂಧಕದ ಮೇಲೆ. ಕೂದಲು ಸುಟ್ಟಾಗ ಮೂಗಿಗೆ ಬಡಿಯುವ ಕಮಟಿನಲ್ಲಿ ಗಂಧಕದ ಪಾಲಿದೆ. ಕೆರಾಟಿನ್ ಗಂಧಕದ ಕೊಂಡಿಗಳಿಂದ ಹೆಣೆದ ನಾರು. ಹಾಗಾಗಿ ಆರ್ಸೆನಿಕ್ ಕೂದಲಿಗೆ, ಉಗುರಿಗೆ, ಚರ್ಮಕ್ಕೆ ಹೋಗಿ ಕೂರುತ್ತದೆ. ಕುಡಿದ ನೀರಿನ ಲೆಕ್ಕವನ್ನು ಉಗುರು ತಿಂಗಳುಗಟ್ಟಲೆ ಇಟ್ಟುಕೊಂಡಿರುತ್ತದೆ.

ಬೊಟ್ಟು ಒರೆಸುವ ಕಿಣ್ವಗಳು ಎಂದೆನಲ್ಲ, ಅವುಗಳಲ್ಲಿ ಹಲವಕ್ಕೆ ಒರೆಸುವ ಬೆರಳ ತುದಿಯೇ ಗಂಧಕ. ಆರ್ಸೆನಿಕ್ ಆ ಬೆರಳನ್ನು ಹಿಡಿದುಕೊಳ್ಳುತ್ತದೆ. ಗಾಜಿನ ತಟ್ಟೆಯ ಕೋಶಗಳಲ್ಲಿ ಇದನ್ನು 1996ರಷ್ಟು ಹಿಂದೆಯೇ ಕಂಡಿದ್ದಾರೆ: ಆರ್ಸೆನಿಕ್ ತಾನಾಗಿ ಬೊಟ್ಟು ಇಡದೆ, ಒರೆಸುವವನ ಕೈ ಕಟ್ಟಿಹಾಕಿ ‘ಬೆಳೆ’ ಎಂಬ ಸಾಲಿನ ಸಂಕೇತವನ್ನು ಉರಿಯುತ್ತಲೇ ಇಡುತ್ತದೆ. ಮನುಷ್ಯನ ಕೆರಾಟಿನೋಸೈಟುಗಳಿಗೆ ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಅವು ಇಜಿಎಫಿನ ದಾಯಾದಿಯಾದ ಇನ್ನೊಂದು ಬೆಳವಣಿಗೆ ಪ್ರೋಟೀನನ್ನು ಹೆಚ್ಚಾಗಿ ಸೂಸುತ್ತವೆ. ಸೂಸಿದ್ದು ಅವುಗಳದೇ ಬಾಗಿಲಿಗೆ ಬಂದು ಮುಟ್ಟುತ್ತದೆ. ತಾನೇ ಕೂಗಿ ತಾನೇ ಓಗೊಡುವ ಸ್ಥಿತಿ. ಮೇಲೇರಿ ಗಟ್ಟಿಯಾಗಬೇಕಾದ ಕೋಶ ತಡಮಾಡುತ್ತದೆ, ಸುಣ್ಣದ ಕರೆ ಅದಕ್ಕೆ ಮಂದವಾಗಿ ಕೇಳುತ್ತದೆ. ಇಷ್ಟರ ನಡುವೆ ಡಿಎನ್‌ಎಯನ್ನು ಹೊಲಿಯುವ ಪ್ರೋಟೀನುಗಳಲ್ಲಿ ಕೆಲವಕ್ಕೆ ಸತುವಿನ ಒಂದು ಕಣ ಗುಂಡಿಯಂತೆ ಬೇಕು, ಆ ಗುಂಡಿಯನ್ನು ಹಿಡಿದಿರುವುದೂ ಗಂಧಕವೇ. ಆರ್ಸೆನಿಕ್ ಸತುವನ್ನು ಕಿತ್ತು ತಾನು ಕೂರುತ್ತದೆ. ದರ್ಜಿಯ ಕೈಯೂ ಹೋಯಿತು. ಅಂಥ ಹೊತ್ತಿನಲ್ಲಿ ಬಿಸಿಲು ಬರೆದ ಒಂದು ತಪ್ಪಕ್ಷರ ತಿದ್ದದೆ ಉಳಿಯುತ್ತದೆ. ನಮ್ಮ ಕಡೆಯ ಬಿಸಿಲು ಎಷ್ಟು ಬರೆಯುತ್ತದೆಂದು ಹೇಳಬೇಕಾಗಿಲ್ಲ.

ಹೊರಗೆ ಕಾಣುವುದು ಇಷ್ಟೇ: ಎದೆ ಬೆನ್ನಿನ ಮೇಲೆ ಒಣ ನೆಲಕ್ಕೆ ಮೊದಲ ಮಳೆಯ ನಾಕು ಹನಿ ಬಿದ್ದಂಥ ಚುಕ್ಕೆಗಳು. ಅಂಗೈ ಅಂಗಾಲುಗಳಲ್ಲಿ ಗಟ್ಟಿ ಗಂಟುಗಳು. ದುಡಿಯುವ ಜನ ಅದನ್ನು ಜಡ್ಡು ಎಂದುಕೊಳ್ಳುವುದು ಸಹಜ. ಎಷ್ಟೋ ವರ್ಷಗಳ ಮೇಲೆ, ಕೆಲವೊಮ್ಮೆ ದಶಕಗಳ ಮೇಲೆ, ಕೆಲವರಲ್ಲಿ ಅಂಥ ಗಂಟೊಂದು ಕ್ಯಾನ್ಸರ್ ಆಗಿ ತಿರುಗುತ್ತದೆ.

ಇದನ್ನೆಲ್ಲ ಓದುವಾಗ ನನಗೆ ಬೆರಗಾಯಿತು ಎಂದು ಬರೆಯಲು ಸಂಕೋಚ. ಆ ನೀರು ಕುಡಿದವನು ನಾನಲ್ಲ. ರಂಜಕದ ನೆರೆಮನೆ, ಗಂಧಕದ ಬೆರಳು ಎಂದು ಚೆಂದವಾಗಿ ಹೇಳುವುದು ಮುಲ್ಲಾಮಾರಿ ಹೊಳೆಯ ಈಚೆ ದಡದಲ್ಲಿ ಕೂತವನಿಗೆ ಸುಲಭ. ಕೂದಲು ಕೊಟ್ಟ 171 ಜನರಲ್ಲಿ ಒಬ್ಬರಿಗಾದರೂ ಆ ಕೂದಲು ಏನು ಹೇಳಿತು ಎಂದು ಅವರ ಮಾತಿನಲ್ಲಿ, ಗೋರ್‌ಬೋಲಿಯಲ್ಲಿ, ತಿಳಿಸಿ ಹೇಳಬಲ್ಲೆನೆ ಎಂದು ಕೇಳಿಕೊಂಡೆ. ಬೊಟ್ಟು, ಒರೆಸುವ ಬೆರಳು ಎಂಬ ಈ ಮಾತುಗಳೆಲ್ಲ ಆ ಪ್ರಶ್ನೆಯ ನಂತರ ಬಂದವು. ಅದಕ್ಕೆ ಮೊದಲು ಒರೆಸುವ ಕಿಣ್ವವನ್ನು ನಾನೂ ಫಾಸ್ಫಟೇಸ್ ಎಂದೇ ಹೇಳುತ್ತಿದ್ದೆ.

ಇನ್ನೊಂದು ಸಂಗತಿಯನ್ನು ಹೇಗೆ ತೆಗೆದುಕೊಳ್ಳಬೇಕೋ ತಿಳಿಯದೆ ಹಾಗೇ ಇಟ್ಟುಕೊಂಡಿದ್ದೇನೆ. 1970ರ ದಶಕದಲ್ಲಿ ಚೀನಾದ ಹಾರ್ಬಿನ್‌ನ ವೈದ್ಯರು ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಆರ್ಸೆನಿಕ್ ಕೊಟ್ಟು ನೋಡಿದರು. ರೋಗ ಹಿಮ್ಮೆಟ್ಟಿತು. ಇಂದು ಆ ಕಾಯಿಲೆಗೆ ಅದು ಜಗತ್ತು ಒಪ್ಪಿದ ಮದ್ದು. ಆ ರೋಗದಲ್ಲಿ ರಕ್ತದ ಎಳೆ ಕೋಶಗಳನ್ನು ಬಲಿಯದಂತೆ ತಡೆದು ನಿಲ್ಲಿಸುವ ಒಂದು ಕೆಟ್ಟ ಪ್ರೋಟೀನು ಇರುತ್ತದೆ. ಆರ್ಸೆನಿಕ್ ಅದರ ಗಂಧಕವನ್ನೇ ಹಿಡಿದು ಅದನ್ನು ನಾಶಮಾಡಿಸುತ್ತದೆ. ಕಿರದಳ್ಳಿಯಲ್ಲಿ ಚರ್ಮದ ಕೋಶಕ್ಕೆ ಸಾಕು ಎಂಬುದು ಕೇಳದಂತೆ ಮಾಡಿದ್ದು ಹಾರ್ಬಿನ್ನಿನಲ್ಲಿ ರಕ್ತದ ಕೋಶಕ್ಕೆ ಸಾಕು ಎಂಬುದನ್ನು ಕೇಳಿಸಿತು. ಅದೇ ವಸ್ತು, ಅದೇ ಹಿಡಿತ.

ತಂಗಿಗೆ ಇದನ್ನೆಲ್ಲ ಒಂದು ಸಂಜೆ ಹೇಳಿದೆ. ತೊಗರಿ ಕೇರುತ್ತ ಕೇಳಿದಳು. ‘ಒರೆಸವ್ರು ಅದಾರ ಅಂದಂಗಾತು’ ಎಂದಳು. ಆಮೇಲೆ, ಮೊರ ಕೆಳಗಿಟ್ಟು, ‘ಮುತ್ಯಾನ ಕೈ ನೆನಪದ ಏನು ನಿಂಗ?’ ಎಂದು ಕೇಳಿದಳು.

ನೆನಪಿತ್ತು. ಕೊನೆಗೆ ಮುತ್ಯಾ ಸೊಂಟ ಮುರಿದುಕೊಂಡು ಏಳೆಂಟು ತಿಂಗಳು ಹಾಸಿಗೆ ಹಿಡಿದಿದ್ದ. ಹಾರೆ, ಚಾಣ, ಸುತ್ತಿಗೆ ಅಟ್ಟದ ಮೇಲಿದ್ದವು. ಆಯಿ ದಿನಾ ರಾತ್ರಿ ಅವನ ಕೈಕಾಲಿಗೆ ಕುಸುಬೆ ಎಣ್ಣೆ ತಿಕ್ಕುತ್ತಿದ್ದಳು. ಒಂದು ರಾತ್ರಿ ತಿಕ್ಕುವುದನ್ನು ನಿಲ್ಲಿಸಿ ಅವನ ಅಂಗೈಯನ್ನು ಕಂದೀಲಿನ ಬೆಳಕಿಗೆ ತಿರುಗಿಸಿದಳು. ನಲವತ್ತು ವರ್ಷ ಇದ್ದ ಜಡ್ಡುಗಳು ಒಂದೂ ಇರಲಿಲ್ಲ.

‘ಇಲ್ಲಿ ನೋಡ್ರಿ,’ ಎಂದು ನಮ್ಮನ್ನು ಕರೆದಳು. ‘ಕೂಸಿನ ಕೈ ಆಗ್ಯಾವ.’